ಖಾಲಿ ಮಗ್ಗುಲು

ಗುರುಪ್ರಸಾದ್ ಮೂಟೆಯನ್ನು ಹಜಾರದ ಕಂಬಕ್ಕೆ ಒರಗಿಸಿದಾಗ ಒಳಗಿದ್ದ ಕ್ಯಾಸೆಟ್ಟುಗಳು ಒಂದಕ್ಕೊಂದು ತಾಗಿ ಕಟಕಟ ಅಂದವು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಪುಟ್ಟಬಸಮ್ಮ ಆ ಸದ್ದಿಗೇ ಎದ್ದು ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೂಟೆಯ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿ, ಮೇಲಿದ್ದ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಒಂದು ಮಗ್ಗುಲಲ್ಲಿ ಅವಳೇ ಇಟ್ಟಿದ್ದ ಸುಣ್ಣದ ಬೊಟ್ಟು ಹಾಗೇ ಇತ್ತು. ಅದನ್ನು ಕಂಡು ಅವಳ ಮುಖ ಅರಳಿತು. ಗುರುಪ್ರಸಾದ್ ಆ ಮುಖವನ್ನು ನೋಡಲಾರದೆ, ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಜೋಡಿಸುವವನಂತೆ ಬಾಗಿಲ ಕಡೆ ತಿರುಗಿದ.

"ಅಮ್ಮ, ಮೊದ್ಲು ಉಪ್ಪಿನ ಸೊಸೆ ಕತೆ ಹಾಕಣ," ಎಂದಳು ನಯನ. ಮೊದಲ ಹೆರಿಗೆಗೆಂದು ಬಿಳಿಗೆರೆಯಿಂದ ತವರಿಗೆ ಬಂದಿದ್ದ ಮಗಳು ಅವಳು. ಏಳು ತಿಂಗಳ ಹೊಟ್ಟೆ ಹೊತ್ತು, ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. "ಅದು ಸಿಕ್ಕದಿದ್ರೆ ಯಾವ್ದಾದ್ರೂ ಹಾಕು. ನಿನ್ ದನಿ ಕೇಳಿದ್ರೆ ಸಾಕು."

ಬೊಟ್ಟಿನ ಮಗ್ಗುಲನ್ನು ಮೇಲೆ ಮಾಡಿ ಟೇಪ್ ರೆಕಾರ್ಡರಿಗೆ ಹಾಕಿದರು. ಒಡವೆ ಅಂಗಡಿಯ ಜಾಹೀರಾತು ಬಂತು. ಇನ್ನೊಂದು ಹಾಕಿದರು, ಸಿನಿಮಾ ಹಾಡು. ಮತ್ತೊಂದರಲ್ಲಿ ಯಾರೋ ಹುಡುಗಿ ನಗುನಗುತ್ತಾ, ನಿಮಗೆ ಯಾವ ಹಾಡು ಬೇಕು, ಯಾರಿಗೋಸ್ಕರ ಬೇಕು ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಬೊಟ್ಟಿಲ್ಲದ ಮಗ್ಗುಲಿಗೆ ತಿರುಗಿಸಿದರೂ ಅದೇ ಹಾಡು, ಅದೇ ನಗು. ನಯನ ಹಟಕ್ಕೆ ಬಿದ್ದವಳಂತೆ ಒಂದಾದ ಮೇಲೊಂದು ತೆಗೆದು ಹಾಕುತ್ತಲೇ ಇದ್ದಳು.

"ಎಲ್ಲಾ ಹಂಗೇ ಕಣಮ್ಮಿ," ಎಂದ ಗುರುಪ್ರಸಾದ್, ನೆಲ ನೋಡುತ್ತಾ. "ಮೈಸೂರಿನ ಕೇಬಲ್ ಕಂಪನಿ ಕಂಟ್ರೋಲ್ ರೂಮಲ್ಲಿ ಖಾಲಿ ಕ್ಯಾಸೆಟ್ ಬೇಕಾದಾಗೆಲ್ಲ ಇವನ್ನೇ ಬಳಸ್ಕೊಂಡವ್ರೆ. ನಾನ್ ಹೋಗಿ ಕೇಳಿದ್ರೆ ಮೂಟೆ ಕಟ್ಟಿ ಕೊಟ್ರು. ಟೇಪಿಗೇನೂ ಆಗಿಲ್ಲ, ಚೆನ್ನಾಗೇ ಅವೆ ತಗೊಂಡೋಗ್ರಿ ಅಂತಾರೆ."

ಪುಟ್ಟಬಸಮ್ಮ ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಕತ್ತಿನಲ್ಲಿ ಬೆಳೆದಿದ್ದ ಗೆಡ್ಡೆಯನ್ನು ತೆಗೆಸಿಕೊಂಡ ಮೇಲೆ ಅವಳಿಗೆ ಉಳಿದದ್ದು ಅಷ್ಟೇ. ಗೆಡ್ಡೆ ದನಿಯ ನರಕ್ಕೇ ಅಂಟಿಕೊಂಡಿದೆ, ಜೀವ ಉಳಿಯಬೇಕಾದರೆ ದನಿ ಹೋಗಬಹುದು ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು, ಜೀವ ಉಳಿಯಿತು. ಈಗ ಅವಳು ತುಟಿ ಆಡಿಸಿದರೆ ಅದನ್ನು ಓದಿ ಹೇಳುವುದು ಮಗಳ ಕೆಲಸ. ಆದರೆ ಆ ಹೊತ್ತು ತುಟಿ ಏನು ಹೇಳಿತೋ ನಯನಳಿಗೂ ತಿಳಿಯಲಿಲ್ಲ.

ನಂಜನಗೂಡಿನಲ್ಲಿ ಇವಳಿಗೆ ಕತೆ ಪುಟ್ಟಬಸಮ್ಮ ಎಂದೇ ಹೆಸರು. ನಯನ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ಕಳಲೆಯಲ್ಲಿದ್ದ ತಂಗಿ, ಅಂದರೆ ಈ ಗುರುಪ್ರಸಾದನ ತಾಯಿ, ಕಾಲು ಮುರಿದುಕೊಂಡು ಮಲಗಿದ್ದಳು. ಹೊತ್ತು ಹೋಗುವುದಿಲ್ಲ, ಬಂದು ಒಂದು ಕತೆಯಾದರೂ ಹೇಳು ಎಂದು ಹೇಳಿ ಕಳಿಸಿದಳು. ಮನೆ ಬಿಟ್ಟು ಹೋಗುವಂತಿರಲಿಲ್ಲ. ತೀರಿಕೊಂಡ ಗಂಡ ಬಿಟ್ಟುಹೋಗಿದ್ದ ಟೇಪ್ ರೆಕಾರ್ಡರ್ ಮೂಲೆಯಲ್ಲಿ ಕೂತಿತ್ತು. ಪುಟ್ಟಬಸಮ್ಮ ಅದರಲ್ಲಿ ಒಂದು ಕತೆ ತುಂಬಿಸಿ, ರವಿಕೆ ಕಣದಲ್ಲಿ ಹೊಲಿದ ಚೀಲಕ್ಕೆ ಹಾಕಿ, ಬಸ್ಸಿನ ಕಂಡಕ್ಟರ್ ಮಲ್ಲಯ್ಯನ ಕೈಲಿ ಕಳಿಸಿದಳು.

ಚೀಲ ಹಿಂದಕ್ಕೆ ಬಂದಾಗ ಅದರಲ್ಲಿ ಒಂದು ಹಿಡಿ ಅವರೆಕಾಳಿತ್ತು. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಲ್ಲಿ ತಂಗಿಯ ದನಿ ಇತ್ತು: ಗಂಡನ ಮೇಲೆ ದೂರು, ನೆರೆಯವಳ ಸುದ್ದಿ, ನಡುವೆ ಕರುವಿನ ಕೂಗು. ಖಾಲಿ ಹೆಂಗೆ ಕಳಿಸ್ಲಿ ಅಕ್ಕ, ಎಂದು ಕೊನೆಗೆ ಕೇಳಿದ್ದಳು. ಈ ಸೀಮೆಯಲ್ಲಿ ನೆರೆಮನೆಯಿಂದ ಸಾರು ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸುವವರಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ತಂಗಿ ಕ್ಯಾಸೆಟ್ಟನ್ನೂ ಬಟ್ಟಲೆಂದೇ ತಿಳಿದಿದ್ದಳು, ಅಷ್ಟೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಕಳಲೆಯಲ್ಲಿ ಕೇಳಿದವರು ತಮಗೂ ಬೇಕೆಂದರು. ಬದನವಾಳಿನಲ್ಲಿ ನೂಲುವ ಹೆಂಗಸರು ಚರಕದ ಮುಂದೆ ಕೂತು ಕೇಳುತ್ತೇವೆ, ನಮಗೂ ಒಂದು ಚೀಲ ಕಳಿಸಿ ಎಂದರು. ಓದು ಬಾರದವರಿಗೂ ತಿಳಿಯಲಿ ಎಂದು ಪುಟ್ಟಬಸಮ್ಮ ಕತೆ ಇರುವ ಮಗ್ಗುಲಿಗೆ ಸುಣ್ಣದ ಬೊಟ್ಟಿಡುತ್ತಿದ್ದಳು. ಬೊಟ್ಟಿದ್ದ ಮಗ್ಗುಲು ನನ್ನದು, ಇಲ್ಲದ ಮಗ್ಗುಲು ನಿಮ್ಮದು. ಪ್ರತಿ ಕತೆಯ ಕೊನೆಯಲ್ಲೂ ಒಂದೇ ಮಾತು ಹೇಳುತ್ತಿದ್ದಳು: "ಕತೆ ಮುಗೀತು, ನನ್ ಕೆಲ್ಸ ಆಯ್ತು. ಚೀಲ ಖಾಲಿ ಕಳಿಸ್ಬ್ಯಾಡ್ರವ್ವ." ಹಾಗಾಗಿ ಬದನವಾಳಿನಿಂದ ನೂಲಿನ ಲಡಿ ಬಂತು, ನದಿಯಾಚೆಯ ತೋಟದಿಂದ ರಸಬಾಳೆ ಬಂತು, ಕೆಲವರಿಂದ ಮಡಿಸಿದ ನೋಟೂ ಬಂತು. ಕತೆಗೆ ಇಷ್ಟು ಎಂದು ಬೆಲೆ ಕಟ್ಟಿದವರು ಯಾರೂ ಇರಲಿಲ್ಲ. ಕೊಡದೆ ಕೇಳಿದವರೂ ಇರಲಿಲ್ಲ. ಖಾಲಿ ಮಗ್ಗುಲಲ್ಲಿ ಸೋಬಾನೆ ಬಂತು, ಅಳು ಬಂತು, ಅತ್ತೆಗೆ ಕೇಳಿಸದಂತೆ ಪಿಸುಗುಟ್ಟಿದ ಗುಟ್ಟೂ ಬಂತು.

ಆಗಿನ್ನೂ ಗುರುಪ್ರಸಾದ್ ಬಜಾರ್ ಬೀದಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ತೋರಿಸಿ, "ದೊಡ್ಡಮ್ಮ, ಕತೆ ಕಡೆ ಕಿವಿ ಒಂದನ್ನ ಮುರಿದುಬಿಡು. ಆಮೇಲೆ ಅದರ ಮೇಲೆ ಯಾರೂ ಏನೂ ತುಂಬ್ಸಕ್ಕಾಗಲ್ಲ," ಎಂದಿದ್ದ.

"ಮುರುಕು ಸಾಮಾನ ಯಾರಾದ್ರೂ ಇನ್ನೊಬ್ರ ಮನೆಗೆ ಕಳಿಸ್ತಾರೇನೋ?" ಎಂದು ಪುಟ್ಟಬಸಮ್ಮ ಅವನ ಬಾಯಿ ಮುಚ್ಚಿಸಿದ್ದಳು.

ಹೇಳಿದ ಕತೆಯನ್ನು ಅವಳು ತಿರುಗಿ ಒಂದು ಸಲವೂ ಕೇಳಿದವಳಲ್ಲ. ತನ್ನ ದನಿ ತಾನೇ ಕೇಳಿಕೊಂಡು ಕೂರುವುದೆಂದರೆ ಕನ್ನಡಿ ಮುಂದೆ ಕೂತು ಊಟ ಮಾಡಿದಂತೆ, ನಾಚಿಕೆಗೇಡು ಎನ್ನುತ್ತಿದ್ದಳು.

ಅಂಗಡಿಯ ಗುರುಪ್ರಸಾದ್ ಕೇಬಲ್ ಗುರುಪ್ರಸಾದ್ ಆದ. ತಾರಸಿ ಮೇಲೆ ಡಿಶ್ಶು ಬಂತು, ಊರ ಬೀದಿಗಳ ಮೇಲೆ ಕರಿ ವೈರು ಓಡಾಡಿತು. ಒಂದು ದಿನ ಬಂದು ದೊಡ್ಡಮ್ಮನ ಎದುರು ಕೂತ.

"ಇಷ್ಟೊಂದು ಚೀಲ, ಹತ್ತು ಜನ ಕಂಡಕ್ಟ್ರು. ಯಾವ್ದು ಎಲ್ಲೈತೆ ಅಂತ ನಿಂಗಾದ್ರೂ ಗೊತ್ತಾ? ಎಲ್ಲಾ ನನ್ ಹತ್ರ ಕೊಟ್ಬಿಡು. ಒಂದೇ ಕಡೆ ಇದ್ರೆ ಬೀರುನಲ್ಲಿ ಇಟ್ಟಂಗೆ. ದಿನಾ ಮಧ್ಯಾಹ್ನ ಊಟ ಆದ್ಮೇಲೆ ಟೀವೀಲಿ ಹಾಕ್ತೀನಿ. ಊರಿಗೂರೇ ಒಟ್ಗೆ ಕೇಳ್ತದೆ."

"ಬದನವಾಳು ಹೆಂಗಸ್ರ ಮನೇಲಿ ಕೇಬಲ್ ಎಲ್ಲೈತೆ?"

"ಬತ್ತದೆ ದೊಡ್ಡಮ್ಮ, ಇವತ್ತಲ್ಲ ನಾಳೆ ಎಲ್ಲಾ ಕಡೆ ಬತ್ತದೆ."

ಅವನು ಸುಳ್ಳು ಹೇಳಲಿಲ್ಲ. ಅವನಿಗೂ ಹಾಗೇ ಅನ್ನಿಸಿತ್ತು. ಆದರೆ ವರ್ಷ ಕಳೆಯುವುದರೊಳಗೆ ಮೈಸೂರಿನ ಕಂಪನಿಯೊಂದು ಸುತ್ತಮುತ್ತಲ ಕೇಬಲಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ನುಂಗಿತು; ಗುರುಪ್ರಸಾದ್ ತನ್ನದೇ ಊರಿನಲ್ಲಿ ಅವರ ಏಜೆಂಟಾದ. ಮನೆಮನೆಗೆ ಕ್ಯಾಸೆಟ್ ಪುಕ್ಕಟೆ ಓಡಾಡುತ್ತಿದ್ದರೆ ತಿಂಗಳ ಹಣ ಕೊಟ್ಟು ಕನೆಕ್ಷನ್ ಯಾರು ತಗೋತಾರೆ ಎಂದು ಕಂಪನಿಯವರು ಕೇಳಿದರು. ಕತೆ ನಮ್ಮಲ್ಲೇ ಇರಬೇಕು, ಹೊರಗೆ ಒಂದೂ ಇರಬಾರದು ಎಂದರು. ಪುಟ್ಟಬಸಮ್ಮನಿಗೆ ಒಂದು ರೇಷ್ಮೆ ಸೀರೆ ಬಂತು. ಅವಳು ಕೊನೆಯದಾಗಿ ಚೀಲಗಳಲ್ಲಿ ಒಂದು ಮಾತು ತುಂಬಿಸಿ ಕಳಿಸಿದಳು: ಮನೇಲಿ ಇರೋವ್ನೆಲ್ಲ ಕಳಿಸ್ಬಿಡ್ರವ್ವ, ಇನ್ಮೇಲೆ ಟೀವೀಲಿ ಕೇಳೋರಂತೆ. ಅವಳ ಮಾತಿಗೆ ಯಾರೂ ಎರಡು ಹೇಳಲಿಲ್ಲ. ಒಂದನ್ನು ಬಿಟ್ಟರೆ ಎಲ್ಲ ಚೀಲಗಳೂ ಬಂದವು. ಆಗಲೂ ಯಾವುದೂ ಖಾಲಿ ಬರಲಿಲ್ಲ. ಕ್ಯಾಸೆಟ್ಟುಗಳೆಲ್ಲ ಮೈಸೂರಿಗೆ ಹೋದವು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ನಮ್ಮವರು ಸುಮ್ಮನೆ ಕಟ್ಟಲಿಲ್ಲ. ಮೊದಲ ವರ್ಷ ಮಧ್ಯಾಹ್ನ ಟೀವಿಯಲ್ಲಿ ಒಂದು ದೀಪದ ಚಿತ್ರ ನಿಲ್ಲಿಸಿ ಕತೆ ಹಾಕಿದರು. ನಂಜನಗೂಡಿನ ಹೆಂಗಸರು ದೀಪ ನೋಡುತ್ತ ಕೇಳಿದರು. ಆಮೇಲೆ ಅದು ಬೆಳಿಗ್ಗೆಗೆ ಹೋಯಿತು, ಒಲೆ ಮುಂದಿನ ಹೊತ್ತಿಗೆ. ಆಮೇಲೆ ಅರ್ಧವಾಯಿತು. ಆಮೇಲೊಂದು ದಿನ ಟೀವಿ ಹಾಕಿದರೆ ದೀಪವೂ ಇಲ್ಲ, ಕತೆಯೂ ಇಲ್ಲ, ಫೋನು ಮಾಡಿ ಹಾಡು ಕೇಳುವ ಕಾರ್ಯಕ್ರಮ ಬರುತ್ತಿತ್ತು. ನಿಲ್ಲಿಸಿದ್ದೇವೆ ಎಂದು ಹೇಳುವ ಸೌಜನ್ಯವೂ ಅವರಿಗಿರಲಿಲ್ಲ. ಬದನವಾಳಿನ ಹೆಂಗಸರು ಅಷ್ಟರಲ್ಲಾಗಲೇ ಬರೀ ಚರಕದ ಸದ್ದು ಕೇಳುತ್ತ ನೂಲುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಪುಟ್ಟಬಸಮ್ಮ ಮತ್ತೆ ಚೀಲ ಹೊಲಿಯೋಣ ಎಂದುಕೊಳ್ಳುವ ಹೊತ್ತಿಗೆ ಕತ್ತಿನ ಗೆಡ್ಡೆ ಬೆಳೆದಿತ್ತು.

ನಯನ ಬಸುರಿ ಎಂದು ತಿಳಿದ ದಿನದಿಂದ ಪುಟ್ಟಬಸಮ್ಮನಿಗೆ ಒಂದೇ ಯೋಚನೆ. ಹುಟ್ಟುವ ಕೂಸಿಗೆ ಅಜ್ಜಿ ಎಂದರೆ ಬಾಯಿ ಆಡಿಸುವ ಮುದುಕಿ, ಅಷ್ಟೇನಾ? ಒಂದು ಕತೆ, ಒಂದೇ ಒಂದು, ಅದರ ಕಿವಿಗೆ ತನ್ನ ದನಿಯಲ್ಲಿ ಬೀಳಬೇಕು. ಅದಕ್ಕೇ ಗುರುಪ್ರಸಾದನನ್ನು ಮೈಸೂರಿಗೆ ಅಟ್ಟಿದ್ದು. ಅವನು ತಂದ ಮೂಟೆ ಈಗ ಹಜಾರದ ತುಂಬ ಚೆಲ್ಲಿಕೊಂಡಿತ್ತು.

ಪುಟ್ಟಬಸಮ್ಮ ತುಂಬಾ ಹೊತ್ತು ಆ ಕ್ಯಾಸೆಟ್ಟುಗಳ ನಡುವೆ ಕೂತಿದ್ದಳು. ಅವಳಿಗೆ ತನ್ನ ಕತೆಗಳಿಗಿಂತ ಬೊಟ್ಟಿಲ್ಲದ ಮಗ್ಗುಲುಗಳ ನೆನಪು ಬಂದು ಸಂಕಟವಾಯಿತು. ಆ ಸೋಬಾನೆ, ಆ ಪಿಸುಮಾತು, ತೀರಿಹೋದ ತಂಗಿಯ ದೂರು, ಕರುವಿನ ಕೂಗು, ಎಲ್ಲದರ ಮೇಲೂ ಆ ಹುಡುಗಿ ನಕ್ಕಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಮಗಳ ಮೊಣಕೈ ಹಿಡಿದು ತುಟಿ ಆಡಿಸಿದಳು.

"ನರಸೀಪುರ?" ಎಂದಳು ನಯನ. "ನರಸೀಪುರದ್ದೇನಮ್ಮ?" ಮತ್ತೆ ನೋಡಿ, "ಬರದೇ ಇರೋ ಚೀಲ ಅಂತೆ ಕಣೋ ಪ್ರಸಾದಣ್ಣ. ನರಸೀಪುರಕ್ಕೆ ಹೋದ ಚೀಲ ಒಂದು ವಾಪಸ್ಸೇ ಬರ್ನಿಲ್ವಂತೆ."

ಗುರುಪ್ರಸಾದನಿಗೂ ನೆನಪಾಯಿತು. ದೊಡ್ಡಮ್ಮ ಆಗೆಲ್ಲ ಆ ಚೀಲ ನುಂಗಿದ ಮಹಾತಾಯಿಯನ್ನು ನೆನೆಸಿಕೊಂಡು ಬೈಯುತ್ತಿದ್ದಳು. ಒಂದೇ ಮನೆಯವರು ಮಾತು ಕೇಳದೆ ಇಟ್ಟುಕೊಂಡಿದ್ದರು, ಅದೇ ಈಗ ದೇವರಂತೆ ಕಂಡಿತು. ರಿಟೈರಾಗಿದ್ದ ಮಲ್ಲಯ್ಯನನ್ನು ಅವನು ಅಂದೇ ಹುಡುಕಿಕೊಂಡು ಹೋದ. ಮಲ್ಲಯ್ಯನಿಗೆ ಹೆಸರು ಜ್ಞಾಪಕವಿತ್ತು: ಜವರಮ್ಮ, ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದವಳು. ತನಗೆ ಗೊತ್ತಿದ್ದ ಹೊಸ ಕಂಡಕ್ಟರನ ಕೈಲಿ ಹೇಳಿ ಕಳಿಸಿದ. ಮಾರನೆಯ ದಿನವೇ ಉತ್ತರ ಬಂತು. ಕ್ಯಾಸೆಟ್ ಅದೆ, ಜೋಪಾನವಾಗದೆ, ಅವ್ವೋರು ಭಾನುವಾರ ಬರ್ಲಿ.

ಬಸುರಿ ಹೊಳೆ ದಾಟಬಾರದೆಂದು ನಯನ ಮನೆಯಲ್ಲೇ ಉಳಿದಳು. ಗುರುಪ್ರಸಾದ್ ದೊಡ್ಡಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ತಿ. ನರಸೀಪುರದಲ್ಲಿ ಇಳಿದು, ಹೊಳೆ ಕಡೆಗೆ ಇಳಿಯುವ ರಸ್ತೆಯಲ್ಲಿ ಕೇಳುತ್ತ ಹೋದರೆ, ಬೀಗ ಬಿದ್ದ ಶೆಡ್ಡಿನ ಹಿಂದೆ ತಗಡಿನ ಮಾಡಿನ ಸಾಲುಮನೆಗಳು. ಕೊನೆಯ ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಇಟ್ಟಿತ್ತು. ಬಾಗಿಲಲ್ಲೇ ಕಾದಿದ್ದ ಹೆಂಗಸು ಓಡಿಬಂದು ಪುಟ್ಟಬಸಮ್ಮನ ಕಾಲಿಗೆ ಬಿದ್ದಳು.

"ನಾನೇ ಕಣವ್ವ ಜವರಮ್ಮ. ಬನ್ನಿ, ಒಳೀಕೆ ಬನ್ನಿ. ನೀವ್ ಇಂಗೆ ಇದ್ದೀರಿ ಅಂತ ಅನ್ಕಂಡೇ ಇರ್ನಿಲ್ಲ. ದನಿ ಕೇಳಿ ದಪ್ಪಗಿರ್ಬೋದು ಅನ್ಕಂಡಿದ್ದಿ." ಅವಳ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು, ವರ್ಷಗಟ್ಟಲೆ ಕುದಿನೀರಲ್ಲಿ ರೇಷ್ಮೆಗೂಡು ಕೆದಕಿದ ಗುರುತು. ಅದೇ ಬೆರಳುಗಳಿಂದ ಪುಟ್ಟಬಸಮ್ಮನ ಗಲ್ಲ ಮುಟ್ಟಿ ಲಟಿಕೆ ಮುರಿದಳು. "ಒಂದ್ ಮಾತಾಡ್ರವ್ವ. ನಿಮ್ ಬಾಯಿಂದ ಒಂದ್ ಮಾತು ಕೇಳ್ಬೇಕು ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು."

ಪುಟ್ಟಬಸಮ್ಮ ಸೆರಗು ಸರಿಸಿ ಕತ್ತಿನ ಗಾಯ ತೋರಿಸಿದಳು. ಗುರುಪ್ರಸಾದ್ ಆದದ್ದನ್ನು ಹೇಳಿದ. ದನಿ ಹೋದದ್ದು, ಕ್ಯಾಸೆಟ್ಟುಗಳು ಹಾಳಾದದ್ದು, ಉಳಿದದ್ದು ನಿಮ್ಮ ಹತ್ತಿರ ಇರುವ ಒಂದೇ ಎಂಬುದು, ಎಲ್ಲ. ಜವರಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ಅತ್ತಳು. ಇಬ್ಬರು ಹೆಂಗಸರೂ ದನಿಯಿಲ್ಲದೆ ಅಳುವುದನ್ನು ಗುರುಪ್ರಸಾದ್ ನೋಡುತ್ತಾ ನಿಂತಿದ್ದ. ಅವನಿಗೆ ಎಲ್ಲಿಗಾದರೂ ಹೊರಟು ಹೋಗಿಬಿಡಬೇಕು ಅನ್ನಿಸಿತು.

ಊಟ ಮಾಡದೆ ಕಳಿಸುವ ಮಾತೇ ಇರಲಿಲ್ಲ. ಬಡಿಸುತ್ತ ಜವರಮ್ಮ ತಾನಾಗಿಯೇ ಹೇಳಿಕೊಂಡಳು.

"ಕದ್ದು ಇಟ್ಕಂಡಿದ್ದಲ್ಲ ಕಣವ್ವ. ನಮ್ಮನೇಲಿ ಇದ್ದ ಟೇಪಲ್ಲಿ ಆಡೋ ಗುಂಡಿ ಮಾತ್ರ ಇತ್ತು, ತುಂಬ್ಸೋ ಗುಂಡಿ ಇರ್ನಿಲ್ಲ. ಖಾಲಿ ಎಂಗೆ ಕಳ್ಸದು? ನೀವೇ ಏಳಿದ್ರಲ್ಲ, ಖಾಲಿ ಕಳಿಸ್ಬ್ಯಾಡಿ ಅಂತ. ಯಾರ್ನಾರ ಕೇಳಿ ತುಂಬ್ಸಿ ಕಳ್ಸಣ ಅಂತ ಇವತ್ತು ನಾಳೆ ಅಂದೆ. ಆಮೇಲೆ ವಾಪಸ್ ಕಳ್ಸಿ ಅಂತ ನೀವ್ ಏಳಿದ್ದು ಗೊತ್ತಾಯ್ತು, ಆಗ ನಾಚ್ಕೆಯಾಗಿ ಒಳಗೇ ಇಟ್ಬುಟ್ಟಿ. ನಮ್ ಟೇಪೂ ಕೆಟ್ಟೋಯ್ತು. ಕ್ಯಾಸೆಟ್ಟು ಮಾತ್ರ ಮಗೀನ್ ಅಂಗೆ ನೋಡ್ಕಂಡಿವ್ನಿ."

ಹಳೆಯ ಚೀಲವನ್ನು ಇಲಿ ಕಡಿದಿತ್ತಂತೆ; ಹೊಸ ಚೀಲ ಹೊಲಿದಿದ್ದಳು. ಒಳಗೆ ಬಾಳೆಹಣ್ಣು, ಒಂದು ಅಚ್ಚು ಬೆಲ್ಲ, ರೇಷ್ಮೆ ಚೂರಿನಲ್ಲಿ ಸುತ್ತಿದ ಕ್ಯಾಸೆಟ್ಟು. ಗುರುಪ್ರಸಾದ್ ಬಿಚ್ಚಿ ನೋಡಿದ. ಎರಡು ಮಗ್ಗುಲೂ ಫಳಫಳ ಹೊಳೆಯುತ್ತಿದ್ದವು.

"ಸುಣ್ಣದ ಬೊಟ್ಟು?" ಎಂದ.

"ಅದು ಅರ್ಧ ಉದುರಿ ಕೊಳೆ ಅಂಗೆ ಕಾಣ್ತಿತ್ತು ಕಣಪ್ಪ. ಅವ್ವೋರ್ ಕೈಗೆ ಕೊಡದು ಚೊಕ್ಕವಾಗಿರ್ಲಿ ಅಂತ ಒರ್ಸಿಬುಟ್ಟಿ." ಜವರಮ್ಮ ಪುಟ್ಟಬಸಮ್ಮನ ಕಡೆ ತಿರುಗಿ, ಮೊದಲ ಸಲ ನಕ್ಕಳು. "ಈಗ ಖಾಲಿ ಕೊಡ್ತಾ ಇಲ್ಲ ಕಣವ್ವ. ನೀವ್ ಬತ್ತೀರಿ ಅಂತ ಗೊತ್ತಾಯ್ತಲ್ಲ, ಪಕ್ಕದ್ಮನೆ ಸರ್ವಮಂಗಳಮ್ಮಾರ್ ಟೇಪ್ ಈಸ್ಕಂಡು, ನಾನೂ ನಾಕ್ ಮಾತು ತುಂಬ್ಸಿವ್ನಿ. ಮನೇಗ್ ಓಗಿ ಕೇಳಿ. ಇಲ್ಲಿ ಹಾಕ್ಬ್ಯಾಡಿ, ನಂಗ್ ನಾಚ್ಕೆ."

ಯಾವ ಮಗ್ಗುಲಿಗೆ ಎಂದು ಕೇಳಬೇಕೆಂದು ಗುರುಪ್ರಸಾದನ ಬಾಯಿಗೆ ಬಂತು. ಪುಟ್ಟಬಸಮ್ಮ ಅಷ್ಟರಲ್ಲಿ ಕ್ಯಾಸೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿದ್ದಳು. ಅವನು ಕೇಳಲಿಲ್ಲ.

ಬಸ್ಸಿನಲ್ಲಿ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಅವಳ ತುಟಿಗಳು ಆಡುತ್ತಲೇ ಇದ್ದವು. ನಡುವೆ ಒಮ್ಮೆ ಹುಬ್ಬೇರಿಸಿದಳು, ಒಮ್ಮೆ ಕಣ್ಣು ಸಣ್ಣದು ಮಾಡಿದಳು, ಕೈಯೆತ್ತಿ ಯಾರನ್ನೋ ಗದರಿಸಿದಳು. ಕತೆ ಹೇಳುತ್ತಿದ್ದಾಳೆ ಎಂದು ಗುರುಪ್ರಸಾದನಿಗೆ ಗೊತ್ತಾಯಿತು. ಚಿಕ್ಕವನಿದ್ದಾಗ ಇದೇ ಮುಖ ನೋಡಿಕೊಂಡು ತುತ್ತು ನುಂಗಿದವನು ಅವನು. ಇಷ್ಟು ವರ್ಷವಾದ ಮೇಲೆ ಅವಳು ಇಷ್ಟು ಸಂತೋಷವಾಗಿದ್ದ ದಿನ ಅದೊಂದೇ.

ನಯನ ಟೇಪ್ ರೆಕಾರ್ಡರಿನ ಒಳಗನ್ನು ಹತ್ತಿಯಿಂದ ಒರೆಸಿ ಸಿದ್ಧವಾಗಿಟ್ಟಿದ್ದಳು. ಯಾವ ಮಗ್ಗುಲೆಂದು ತಿಳಿಯದೆ, ಕೈಗೆ ಬಂದ ಹಾಗೆ ಹಾಕಿ, ಮೊದಲಿಗೆ ಸುತ್ತಿ, ಗುಂಡಿ ಒತ್ತಿದಳು. ಸುಂಯ್ ಎಂಬ ಸದ್ದು. ಓಡಿಸಿ ನೋಡಿದಳು, ಕೊನೆಯವರೆಗೂ ಸುಂಯ್ ಎಂಬ ಸದ್ದೇ. ಖಾಲಿ ಮಗ್ಗುಲು.

"ಇದು ಖಾಲಿ. ಅವ್ರು ತುಂಬ್ಸಿದ್ದು ಎಲ್ಲೋಯ್ತು ಮತ್ತೆ?" ಎಂದಳು. "ಇನ್ನೊಂದ್ ಮಗ್ಗುಲು ಹಾಕು," ಎಂದ ಗುರುಪ್ರಸಾದ್, ಅವಳ ಮುಖ ನೋಡದೆ.

ನಯನ ತಿರುಗಿಸಿ ಹಾಕಿದಳು. ಮೊದಲು ಮೌನ. ಆದರೆ ಇದು ಆ ಮೌನವಲ್ಲ. ಇದರೊಳಗೆ ಒಂದು ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಯನ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು, ಟೇಪಿನೊಳಗಿನದೂ ಅದೇ. ದೂರದಲ್ಲಿ ಗೂಡ್ಸ್ ಗಾಡಿಯೊಂದು ಸೇತುವೆ ದಾಟಿತು. ಯಾರೋ ಉಸಿರಾಡುತ್ತಿದ್ದರು. ಪುಟ್ಟಬಸಮ್ಮ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಕತೆಗೆ ಮೊದಲು ಅವಳು ಯಾವಾಗಲೂ ಹಾಗೇ ಮಾಡುತ್ತಿದ್ದಳು. ಗುಂಡಿ ಒತ್ತಿ, ಲಿಂಗ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬಾಯಿ ತೆರೆಯುತ್ತಿದ್ದಳು. ಇದು ತನ್ನ ಮಗ್ಗುಲು ಎಂದು ಅವಳಿಗೆ ಗೊತ್ತಾಯಿತು. ತುಟಿ ಬಿಚ್ಚಿ, ಬರಲಿರುವ ತನ್ನ ದನಿಗೆ ಕಾದಳು.

ಟಕ್ ಎಂದಿತು.

"ಅವ್ವೋ, ನಾನು ಜವರಮ್ಮ, ನರಸೀಪುರದಿಂದ. ಬೊಟ್ಟು ಒರ್ಸಿದ್ಮೇಲೆ ಯಾವ್ದು ಯಾವ್ ಮಗ್ಗುಲು ಅಂತ ಗೊತ್ತಾಗ್ನಿಲ್ಲ. ಒಸಿ ಹೊತ್ತು ಹಾಕಿ ನೋಡ್ದಿ. ಇದ್ರಲ್ಲಿ ಏನೂ ಮಾತಿರ್ನಿಲ್ಲ, ಇದೇ ಖಾಲಿ ಮಗ್ಗುಲು ಅಂತ ತುಂಬುಸ್ತಾ ಇವ್ನಿ. ತೆಪ್ಪಿದ್ರೆ ಒಟ್ಟೇಗ್ ಹಾಕ್ಕಳಿ."

ನಯನ ಗುಂಡಿ ಒತ್ತಿ ನಿಲ್ಲಿಸಿದಳು. "ಹಾಳಾದೋಳು," ಎಂದಳು, ಅಳುತ್ತ. "ಏಳ್ ವರ್ಷ ಇಟ್ಕೊಂಡು, ಕೊನೇಗೆ ಎರಡು ದಿನದಲ್ಲಿ. ನಾವು ಹೇಳಿ ಕಳಿಸ್ದೆ ಹೋಗ್ಬೇಕಿತ್ತು. ಹೇಳಿ ಕಳಿಸ್ದೆ ಹೋಗಿ ನಿಂತ್ಕೋಬೇಕಿತ್ತು."

ಪುಟ್ಟಬಸಮ್ಮನಿಗೂ ಬೈಯಬೇಕು ಅನ್ನಿಸಿತು. ಹೊಟ್ಟೆಯೊಳಗಿಂದ ಬೈಗುಳ ಎದ್ದು ಗಂಟಲ ತನಕ ಬಂತು. ಬೈಯಲಿಕ್ಕೂ ದನಿ ಬೇಕು. ಕೈಯಿಂದ ನೆಲವನ್ನು ಬಡಿದಳು, ಮತ್ತೆ ಬಡಿದಳು. ಗುರುಪ್ರಸಾದ್ ಹತ್ತಿರ ಬಂದು, "ದೊಡ್ಡಮ್ಮ, ನನ್ನ ಬೈಯಿ. ತಪ್ಪು ನಂದು, ಅವಳದಲ್ಲ," ಎಂದ. ಅವಳು ತಾನೇ ಕೈಚಾಚಿ ಗುಂಡಿ ಒತ್ತಿದಳು.

ಜವರಮ್ಮ ಮಾತಾಡಿದಳು. ಮೊದಮೊದಲು ತಡವರಿಸಿ, ಬರಬರುತ್ತ ಧೈರ್ಯವಾಗಿ. ಶೆಡ್ಡಿನಲ್ಲಿ ಕುದಿನೀರಿನ ಮುಂದೆ ಕೂತವರೆಲ್ಲ ಈ ಒಂದು ಕತೆಯನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕೇಳುತ್ತಿದ್ದರಂತೆ. ಉಪ್ಪಿನ ಸೊಸೆ ಅತ್ತೆಗೆ ತಿರುಗಿ ಉತ್ತರ ಕೊಡುವ ಜಾಗ ಬಂದರೆ ಎಲ್ಲರೂ ಕೈ ನಿಲ್ಲಿಸುತ್ತಿದ್ದರಂತೆ, ಮೇಸ್ತ್ರಿ ಬೈಯುತ್ತಿದ್ದನಂತೆ. ಆ ಹೆಂಗಸರ ಹೆಸರುಗಳನ್ನೆಲ್ಲ ಹೇಳಿದಳು. ಯಾರು ಗಂಡನ ಮನೆಗೆ ಹಿಂದಿರುಗಿದಳು, ಯಾರು ಹಿಂದಿರುಗಲಿಲ್ಲ, ಯಾರು ಸತ್ತಳು. ಶೆಡ್ಡು ಮುಚ್ಚಿದ ಮೇಲೆ ತಾನು ಹೋಟೆಲಲ್ಲಿ ಪಾತ್ರೆ ತೊಳೆಯುವುದು, ತೊಳೆಯುವಾಗ ಕತೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಯಾರೂ ತನ್ನ ಮಾತನ್ನು ಇಷ್ಟು ಹೊತ್ತು ಕೇಳಿದ್ದಿಲ್ಲ ಎಂಬುದು ಆ ದನಿಯಲ್ಲೇ ತಿಳಿಯುತ್ತಿತ್ತು. ಪುಟ್ಟಬಸಮ್ಮ ಟೇಪ್ ರೆಕಾರ್ಡರಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಹೊರಗೆ ಬಿಸಿಲು ಅಂಗಳ ಬಿಟ್ಟು ಮಾಡಿಗೆ ಏರಿತು.

"ಇಷ್ಟೇ ಕಣವ್ವ," ಎಂದಳು ಜವರಮ್ಮ. "ಇನ್ನೇನಿಲ್ಲ ನಂತವ. ಖಾಲಿ ಕೊಡ್ನಿಲ್ಲ ಅಂತ ನೆಮ್ದಿಯಾಯ್ತು."

ಮತ್ತೆ ಟಕ್ ಎಂದಿತು. ಅದರ ಬೆನ್ನಿಗೇ, ಈ ಹಜಾರದಲ್ಲಿ ಎಷ್ಟೋ ವರ್ಷದಿಂದ ಕೇಳಿರದ, ತುಂಬಿದ, ಸ್ವಲ್ಪ ನಗು ಬೆರೆತ ದನಿಯೊಂದು ಬಂತು:

"...ನನ್ ಕೆಲ್ಸ ಆಯ್ತು. ಚೀಲ ಖಾಲಿ ಕಳಿಸ್ಬ್ಯಾಡ್ರವ್ವ."

ಗಡಿಯಾರದ ಟಿಕ್ ಟಿಕ್ ಸ್ವಲ್ಪ ಹೊತ್ತು. ಆಮೇಲೆ ಟೇಪು ಮುಗಿದು ಗುಂಡಿ ತಾನಾಗಿ ಮೇಲಕ್ಕೆ ಎದ್ದಿತು.

ನಯನ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುರುಪ್ರಸಾದ್ ಕ್ಯಾಸೆಟ್ಟನ್ನು ಹೊರತೆಗೆದು, ಜೇಬಿನ ಪೆನ್ನಿನ ತುದಿಯಿಂದ ಅದರ ಬೆನ್ನಿನ ಕಿವಿಗಳನ್ನು ಒಂದೊಂದಾಗಿ ಮುರಿದ. ಎರಡು ಪುಟ್ಟ ಚೂರುಗಳು ಸಾರಿಸಿದ ನೆಲದ ಮೇಲೆ ಬಿದ್ದವು.

ಪುಟ್ಟಬಸಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಜವರಮ್ಮ ಕೊಟ್ಟಿದ್ದ ಚೀಲದಿಂದ ಬಾಳೆಹಣ್ಣು, ಬೆಲ್ಲ ತೆಗೆದಿಟ್ಟು, ಬಾಗಿಲಾಚೆ ಅದನ್ನು ತಿರುವಿ ಹಾಕಿ ಕೊಡವಿದಳು. ಮತ್ತೆ ಸರಿಮಾಡಿಕೊಂಡು ಅಡಿಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು, ಆಮೇಲೆ ಚೀಲಕ್ಕೆ ಅವರೆಕಾಳು ಸುರಿಯುವ ಸದ್ದು ಹಜಾರಕ್ಕೆ ಕೇಳಿಸಿತು.